38 ಬೋರ್ಡು, 34 ಸಾಲು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಗಂಟು ಬಿಚ್ಚಿತು. ಕೇಬಲ್‌ಗಳೆಲ್ಲ ಕೂಡುವ ಸ್ವಿಚ್‌ನ ಮ್ಯಾಕ್ ಟೇಬಲ್ (ಯಾವ ಮ್ಯಾಕ್, ಅಂದರೆ ಸಾಧನದ ಆರು ಬೈಟ್‌ನ ಗುರುತು ಸಂಖ್ಯೆ, ಯಾವ ಪೋರ್ಟ್‌ನಲ್ಲಿದೆ ಎಂಬ ಪಟ್ಟಿ) ತೆರೆದು ರಿಫ್ರೆಶ್ ಒತ್ತಿದೆ: ಪೋರ್ಟ್ 7. ಮತ್ತೆ ಒತ್ತಿದೆ: ಪೋರ್ಟ್ 19. ಇನ್ನೊಮ್ಮೆ: ಪೋರ್ಟ್ 11. ಮೂರು ಸಲವೂ ಅದೇ ಮ್ಯಾಕ್. ಬೋರ್ಡೇನು ಎದ್ದು ಓಡಾಡುತ್ತದಾ? ಮೂರು ವಾರ ನನ್ನ ಕೋಡ್‌ನಲ್ಲಿ ಹುಡುಕಿದ ತಪ್ಪಿನ ಬೇರು ಅಲ್ಲಿತ್ತು.

ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬಳ್ಳಾರಿ ಕೌಲ್ ಬಜಾರ್ ಕಡೆ ನಮ್ಮ ಮಾವನದ್ದೊಂದು ಜೀನ್ಸ್ ಹೊಲಿಗೆ ಯೂನಿಟ್ ಇದೆ. ಪ್ರತಿ ಮಷಿನ್‌ಗೂ ಒಂದು ಪಿಕೋ ಬೋರ್ಡು (ಅಂಗೈಗಿಂತ ಚಿಕ್ಕ ಕಂಪ್ಯೂಟರ್), ಅದರ ಮೇಲೆ ಡಬ್ಲ್ಯು5500 ಈಥರ್ನೆಟ್ ಚಿಪ್. ಪೀಸ್ ಮುಗಿದಾಗಲೆಲ್ಲ ಲೆಕ್ಕ ಒಂದು ಏರುತ್ತದೆ. ಮೋಟರ್‌ಗಳ ಗದ್ದಲದಲ್ಲಿ ವೈಫೈ ನಿಲ್ಲಲಿಲ್ಲ, ಅದಕ್ಕೇ ಕೇಬಲ್. ಬೋರ್ಡು ಮೊದಲು ಡಿಎಚ್‌ಸಿಪಿಯಿಂದ (ಜಾಲಕ್ಕೆ ಬಂದವರಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಎರಡು ನಿಮಿಷದ ತಾತ್ಕಾಲಿಕ ಐಪಿ ವಿಳಾಸ ಪಡೆಯುತ್ತದೆ. ಆಮೇಲೆ ನಾನು ಬರೆದ ಎಪಿಐಗೆ (ವಿಳಾಸ ಹಂಚುವ ಸರ್ವರ್ ಪ್ರೋಗ್ರಾಂ) ಒಂದು ಪೋಸ್ಟ್ ಕೋರಿಕೆ ಕಳಿಸಿ ‘ಹೊಲಿಗೆ’ ಪೂಲ್‌ನಿಂದ, ಅಂದರೆ ಹೊಲಿಗೆ ಮಷಿನ್‌ಗಳಿಗೆ ಮೀಸಲಿಟ್ಟ ವಿಳಾಸಗಳ ಗುಂಪಿನಿಂದ, ಕಾಯಂ ವಿಳಾಸ ಕೇಳುತ್ತದೆ. ಪೀಸ್ ಲೆಕ್ಕ ಯಾವ ವಿಳಾಸದಿಂದ ಬಂತೋ ಆ ಮಷಿನ್‌ನವರ ಹೆಸರಿಗೆ ಸೇರುತ್ತಿತ್ತು. ಕ್ಯಾಮೆರಾಗಳಿಗೆ ಬೇರೆ ಪೂಲ್, ಬಾರ್‌ಕೋಡ್ ಪ್ರಿಂಟರ್‌ಗಳಿಗೆ ಬೇರೆ. ಡಿಎಚ್‌ಸಿಪಿ ನಡೆಸುವ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಂನ ಫೈಲಿನಲ್ಲೇ ಒಂದೊಂದು ಸಾಲು ಬರೆದಿಡಬಹುದಲ್ಲ ಅಂತ ಕೇಳಿದವರಿದ್ದಾರೆ. ಇಲ್ಲಿ ಆರ್ಡರ್ ಬದಲಾದ ಹಾಗೆಲ್ಲ ಮಷಿನ್ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಪ್ರತಿ ಸಲ ನಾನೇ ಹೋಗಿ ಫೈಲ್ ತಿದ್ದೋದು ಆಗದ ಮಾತು.

ವಿಳಾಸಗಳ ಲೆಕ್ಕ ಇಡುವ ನೆಟ್‌ಬಾಕ್ಸ್ ಎಂಬ ಸಿದ್ಧ ತಂತ್ರಾಂಶ ಹಾಕಿ ನೋಡಿದ್ದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆಗೆ ರೆಡಿಸ್ ಎಂಬ ಇನ್ನೊಂದನ್ನೂ ಕೇಳುತ್ತದೆ, ನನ್ನ ರಾಸ್ಪ್‌ಬೆರಿ ಪೈಗೆ ಅದು ಭಾರ. ಆದರೆ ಪ್ರಿಫಿಕ್ಸ್ (ವಿಳಾಸಗಳ ಒಂದು ವ್ಯಾಪ್ತಿ) ಕೊಟ್ಟರೆ ಅದರಲ್ಲಿ ಮುಂದಿನ ಖಾಲಿ ವಿಳಾಸವನ್ನು ತಾನೇ ಆರಿಸಿ ಕೊಡುವ ಅದರ ಕ್ರಮ ಬಹಳ ಇಷ್ಟವಾಗಿ ಅಷ್ಟನ್ನು ಮಾತ್ರ ಪೈಥಾನ್‌ನ ಫಾಸ್ಟ್‌ಎಪಿಐನಲ್ಲಿ ಬರೆದುಕೊಂಡೆ.

33 ಬೋರ್ಡು ಇದ್ದಾಗ ಎಲ್ಲ ಚೆನ್ನಾಗಿತ್ತು. ಹೊಸದಾಗಿ ಐದು ಬಂದು 38 ಆದ ವಾರದಿಂದ ಶುರುವಾಯಿತು. ಬಾರ್‌ಟ್ಯಾಕ್ ಮಷಿನ್‌ನ ಅಕ್ಕ ಬಂದು ಕೇಳಿದರು: ‘ತಮ್ಮಾ, ನಾ ಹೊಲ್ದಿದ್ದು ಆಕಿ ಲೆಕ್ಕಕ್ಕ ಯಾಕ ಹೋತು?’ ಅವರದು ಪೀಸ್ ರೇಟ್. ನನ್ನ ಪರದೆ ಮೇಲೆ ತಪ್ಪುವ ಒಂದೊಂದು ಅಂಕಿಯೂ ಶನಿವಾರದ ಬಟವಾಡೆಯಲ್ಲಿ ಅವರ ಕೈಗೆ ಕಡಿಮೆ ಬರುವ ದುಡ್ಡು. ಅವತ್ತೇ ಮಾವನಿಗೆ ಹೇಳಿದೆ, ಇದು ಸರಿಹೋಗುವವರೆಗೆ ಮೇಸ್ತ್ರಿ ಪುಸ್ತಕದ ಲೆಕ್ಕವೇ ಲೆಕ್ಕ, ನನ್ನ ಪರದೆ ನೋಡಬೇಡಿ ಅಂತ.

ಮೊದಲ ಸುಳಿವು ಕರೆಂಟಿನದ್ದು. ಕರೆಂಟ್ ಹೋಗಿ ಬಂದಾಗಲೇ ಒಂದೇ ವಿಳಾಸ ಇಬ್ಬರ ಪಾಲಾಗುತ್ತಿತ್ತು. ಕರೆಂಟ್ ಬಂದ ಆ ಕ್ಷಣ 38 ಬೋರ್ಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೇ ವಿಳಾಸ ಕೇಳುತ್ತವೆ. ನನ್ನ ಕೋಡ್ ಮೊದಲು ಖಾಲಿ ವಿಳಾಸ ಯಾವುದೆಂದು ಓದುತ್ತಿತ್ತು, ಆಮೇಲೆ ಇದು ಇವರದ್ದು ಎಂದು ಬರೆಯುತ್ತಿತ್ತು. ಓದುವುದಕ್ಕೂ ಬರೆಯುವುದಕ್ಕೂ ನಡುವಿನ ಆ ಸಣ್ಣ ಸಂದಿನಲ್ಲಿ ಇನ್ನೊಬ್ಬ ‘ವರ್ಕರ್’ (ಸರ್ವರ್‌ನಲ್ಲೇ ಓಡುವ ಅದೇ ಕೋಡ್‌ನ ಇನ್ನೊಂದು ಪ್ರತಿ) ಅದೇ ಖಾಲಿ ವಿಳಾಸ ಓದಿಬಿಡುತ್ತಿದ್ದ. ಮನೆಯಲ್ಲಿ ಕೂತು ಒಂದೊಂದೇ ಕೇಳಿ ಪರೀಕ್ಷಿಸಿದರೆ ಇದು ಜನ್ಮದಲ್ಲಿ ಕಾಣುವುದಿಲ್ಲ. ಬೇಸಿಗೆಯ ಬಳ್ಳಾರಿಯಲ್ಲಿ ದಿನಕ್ಕೆರಡು ಸಲ ಪರೀಕ್ಷೆ ತಾನಾಗಿಯೇ ನಡೆಯುತ್ತದೆ.

ಇದಕ್ಕೆ ಮದ್ದು ಡೇಟಾಬೇಸ್ ಬಳಸುವವರಿಗೆ ಗೊತ್ತಿರುವುದೇ. ಪೂಲ್‌ನ ಪ್ರತಿ ವಿಳಾಸಕ್ಕೂ ಡೇಟಾಬೇಸ್ ಟೇಬಲ್‌ನಲ್ಲಿ ಮೊದಲೇ ಒಂದೊಂದು ಸಾಲು ತುಂಬಿಟ್ಟು, ಖಾಲಿ ಸಾಲನ್ನು ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಎಂಬ ಆಜ್ಞೆ ಹಾಕಿ ಎತ್ತಿಕೊಳ್ಳುವುದು. ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ಕಾಯದೆ ದಾಟಿ ಮುಂದಿನದನ್ನು ಹಿಡಿಯುತ್ತಾರೆ. ಪೋಸ್ಟ್‌ಗ್ರೆಸ್‌ಗೆ ಇದು 2016ರ ಜನವರಿಯಲ್ಲಿ ಬಂದ 9.5ರಲ್ಲಿ ಸೇರಿತು. ಒಂದೇ ವಿಳಾಸ ಎರಡು ಸಾಲಿನಲ್ಲಿ ಬರದಂತೆ ವಿಳಾಸದ ಕಾಲಂಗೆ ಯುನೀಕ್ ಬೀಗ ಬೇರೆ ಹಾಕಿದೆ. ಲ್ಯಾಪ್‌ಟಾಪಿನಿಂದ 200 ಕೋರಿಕೆ ಒಟ್ಟಿಗೆ ಬಿಟ್ಟೆ, ಒಂದೂ ಎರಡಾಗಲಿಲ್ಲ. ಮುಗಿಯಿತು ಅಂತ ರಾತ್ರಿ ಎಲ್ಲರಿಗೂ ಒಗ್ಗರಣೆ-ಮಿರ್ಚಿ ತರಿಸಿದೆ.

ಎರಡೇ ದಿನಕ್ಕೆ ಪೂಲ್ ಬರಿದಾಯಿತು.

‘ಹೊಲಿಗೆ’ ಪೂಲ್ 10.20.4.0/26. ಒಟ್ಟು 64, ನೆಟ್‌ವರ್ಕ್ ಮತ್ತು ಬ್ರಾಡ್‌ಕಾಸ್ಟ್ ಕಳೆದು 62, ಗೇಟ್‌ವೇಗೆ ಒಂದು ಕೊಟ್ಟು 61. ಬೋರ್ಡು 38. ಉಳಿದ 23 ಎಲ್ಲಿ ಹೋದವು? ಲಾಗ್ ನೋಡಿದರೆ ಒಂದೇ ಮ್ಯಾಕ್ ಮತ್ತೆ ಮತ್ತೆ ಕೇಳಿದೆ, ಎಪಿಐ ಪ್ರತಿ ಸಲ ಹೊಸ ವಿಳಾಸ ಕೊಟ್ಟಿದೆ. ಉತ್ತರ ಐದು ಸೆಕೆಂಡಿನಲ್ಲಿ ಬರದಿದ್ದರೆ ಬೋರ್ಡು ಮತ್ತೆ ಕೇಳುತ್ತದೆ. ಸರ್ವರ್ ಕೊಟ್ಟಾಗಿದೆ, ಕೊಟ್ಟದ್ದು ಬೋರ್ಡಿಗೆ ಮುಟ್ಟಿಲ್ಲ. ಯಾವುದೋ ಒಂದು ಬೋರ್ಡು ಹಟ ಹಿಡಿದಿದೆ ಅಂದುಕೊಂಡೆ.

ಗೆಳೆಯನೊಬ್ಬ ‘ಹತ್ತರ ಬ್ಲಾಕಿನಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷ ವಿಳಾಸ ಬಿದ್ದಾವ, ನಿಮ್ಮಪ್ಪಂದೇನು ಗಂಟು ಹೋಗ್ತದ? /24 ಮಾಡಲೇ’ ಅಂದ. 10ರಿಂದ ಶುರುವಾಗುವ ವಿಳಾಸಗಳು ಅಷ್ಟಿವೆ, /24 ಅಂದರೆ ಪೂಲ್ 256ರದ್ದಾಗುತ್ತದೆ; ಅವನ ಲೆಕ್ಕ ಸರಿಯೇ. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಟ್ಯಾಂಕ್ ಸೋರುತ್ತಿದ್ದರೆ ದೊಡ್ಡ ಟ್ಯಾಂಕ್ ತಂದಿಟ್ಟರೆ ಸೋರಿಕೆ ಕಾಣೋದು ತಡವಾಗುತ್ತದೆ ಅಷ್ಟೆ. ಪೂಲ್ ಚಿಕ್ಕದಿದ್ದದ್ದಕ್ಕೇ ಎರಡು ದಿನದಲ್ಲಿ ಗೊತ್ತಾಯಿತು. ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ: ಹೊಸ ಎಪಿಐ ಪಳಗುವವರೆಗೆ ಪೂಲ್ ಬಿಗಿಯಾಗಿಡಿ.

ಸರಿ, ಒಬ್ಬರೇ ಎಷ್ಟು ಸಲ ಕೇಳಿದರೂ ಒಂದೇ ಉತ್ತರ ಸಿಗಬೇಕು. ಮ್ಯಾಕ್ ಅನ್ನೇ ಗುರುತಾಗಿಟ್ಟುಕೊಂಡೆ. ಹೊಸ ಮ್ಯಾಕ್ ಬಂದರೆ ವಿಳಾಸ ಕೊಟ್ಟು 201 (‘ಹೊಸದು ಮಾಡಿದೆ’ ಎಂಬ ಉತ್ತರ ಸಂಕೇತ), ಹಳೆಯದೇ ಮತ್ತೆ ಬಂದರೆ ಮೊದಲು ಕೊಟ್ಟದ್ದನ್ನೇ ತೋರಿಸಿ 200 (‘ಸರಿ’). ಸೋರಿಕೆ ನಿಂತಿತು. ಟೇಬಲ್ ಶುಭ್ರ, ಎಲ್ಲ ಸಾಲೂ ನೆಟ್ಟಗೆ.

ಅಕ್ಕನ ಲೆಕ್ಕ ಮಾತ್ರ ಮೊದಲಿಗಿಂತ ಹೆಚ್ಚು ಕೆಟ್ಟಿತು. ಮೊದಲು ಕರೆಂಟ್ ಬಂದಾಗ ಮಾತ್ರ ಕಲಸುತ್ತಿದ್ದದ್ದು ಈಗ ಇಡೀ ದಿನ ಕಲಸತೊಡಗಿತು, ಅದೂ ಐದು ಮಷಿನ್‌ಗಳ ನಡುವೆ. ಆ ಮೂರ್ನಾಲ್ಕು ದಿನ ಹುಚ್ಚು ಹಿಡಿಯುವುದೊಂದು ಬಾಕಿ. ಡೇಟಾಬೇಸ್‌ನಲ್ಲಿ ಒಂದು ವಿಳಾಸಕ್ಕೆ ಒಂದೇ ಸಾಲು. ವಿಳಾಸ ಎರಡು ಕಡೆ ಇದೆಯಾ ಎಂದು ನೋಡಲು ನನ್ನದೊಂದು ಸ್ಕ್ರಿಪ್ಟ್ ಇದೆ. ಆರ್ಪಿಂಗ್ ಬಿಟ್ಟು, ಅಂದರೆ ‘ಈ ವಿಳಾಸ ಯಾರದ್ದು’ ಎಂದು ಜಾಲಕ್ಕೆಲ್ಲ ಕೂಗಿ, ಎಷ್ಟು ಬೇರೆ ಬೇರೆ ಮ್ಯಾಕ್‌ಗಳು ಉತ್ತರಿಸಿದವು ಅಂತ ಎಣಿಸಿ ಹೇಳುತ್ತದೆ. ಎರಡು ಅಂದರೆ ಜಗಳ ಇದೆ ಅಂತ ಅರ್ಥ. ಅದು ಒಂದು ಅಂದಿತು. ಹತ್ತು ಸಲ ಓಡಿಸಿದರೂ ಒಂದೇ. ಪಿಂಗ್ ಮಾಡಿದರೆ ಅರ್ಧ ಹೋಗುತ್ತವೆ, ಅರ್ಧ ಬರುತ್ತವೆ. ಕೇಬಲ್ ಬದಲಿಸಿದೆ, ಕನೆಕ್ಟರ್ ಮತ್ತೆ ಕ್ರಿಂಪ್ ಮಾಡಿದೆ, ಮೋಟರ್ ಪಕ್ಕದಿಂದ ವೈರ್ ದೂರ ಎಳೆದೆ. ಮೂರೂ ದಂಡ.

ನಿನ್ನೆ ರಾತ್ರಿ ಯಾಕೋ ಡೇಟಾಬೇಸ್ ಟೇಬಲ್‌ನಲ್ಲಿ ಬೋರ್ಡಿಗೆ ಕೊಟ್ಟಾದ ಸಾಲುಗಳನ್ನು ಎಣಿಸಿದೆ. 34.

ಗೋಡೆ ಪಕ್ಕ ನಡೆಯುತ್ತಾ ಬೋರ್ಡು ಎಣಿಸಿದೆ. 38, ಎಲ್ಲದರ ದೀಪವೂ ಹಸಿರು. ನಾಲ್ಕು ಬೋರ್ಡಿಗೆ ಸಾಲೇ ಇಲ್ಲ, ಆದರೂ ವಿಳಾಸ ಇಟ್ಟುಕೊಂಡು ಕೂತಿವೆ! ಆಗಲೇ ಸ್ವಿಚ್‌ನ ಪುಟ ತೆರೆದದ್ದು. ಜಾಗ ಉಳಿಸಲು ನನ್ನ ಲಾಗ್‌ನಲ್ಲಿ ಮ್ಯಾಕ್‌ನ ಕೊನೆಯ ಮೂರು ಬೈಟ್ ಮಾತ್ರ ಬರೆಸುತ್ತಿದ್ದೆ, ಇಎಫ್-ಎಫ್‌ಇ-ಇಡಿ ಅಂತ. ಸ್ವಿಚ್ ಪೂರ್ತಿ ತೋರಿಸಿತು: ಡಿಇ-ಎಡಿ-ಬಿಇ-ಇಎಫ್-ಎಫ್‌ಇ-ಇಡಿ.

ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯಲು ಬಳಸುವ ಆರ್ಡುಯಿನೋದ ಈಥರ್ನೆಟ್ ಲೈಬ್ರರಿ ಮುಟ್ಟಿದವರಿಗೆಲ್ಲ ಈ ಸಂಖ್ಯೆ ಬಾಯಿಪಾಠ. ಮಾದರಿ ಪ್ರೋಗ್ರಾಂಗಳಲ್ಲಿ ಇದೇ ಇರುತ್ತದೆ, ನಿಮ್ಮದನ್ನು ಹಾಕಿಕೊಳ್ಳಿ ಎಂಬ ಸೂಚನೆಯೂ ಪಕ್ಕದಲ್ಲೇ ಇರುತ್ತದೆ. ಹಳೆಯ 33ಕ್ಕೆ ನಾನೇ ಒಂದೊಂದು ಬರೆದು ಸ್ಟಿಕ್ಕರ್ ಅಂಟಿಸಿದ್ದೆ. ಕೊನೆಯ ಐದನ್ನು ಬೆಂಗಳೂರಿನ ಸಪ್ಲೈಯರ್ ಒಬ್ಬರು ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ) ಹಾಕಿಯೇ ಕಳಿಸಿದ್ದರು, ‘ರೆಡಿ ಟು ಯೂಸ್ ಸರ್, ಸರ್ವರ್ ಅಡ್ರೆಸ್ ಒಂದು ಹಾಕ್ಕೊಳ್ಳಿ’ ಅಂತ. ಬೋರ್ಡಿಗೆ 150 ರೂಪಾಯಿ ಜಾಸ್ತಿ ಕೊಟ್ಟಿದ್ದು ಇದಕ್ಕೇ. ಐದಕ್ಕೂ ಮಾದರಿಯ ಮ್ಯಾಕ್!

ಹಿಂದಿನ ಲೆಕ್ಕವೆಲ್ಲ ಈಗ ತಾಳೆಯಾಗುತ್ತದೆ. ಐದಕ್ಕೂ ಒಂದೇ ಮ್ಯಾಕ್ ಆದ್ದರಿಂದ ಡಿಎಚ್‌ಸಿಪಿ ಐದಕ್ಕೂ ಒಂದೇ ತಾತ್ಕಾಲಿಕ ವಿಳಾಸ ಕೊಡುತ್ತದೆ. ಆ ಮ್ಯಾಕ್ ಕೊನೆಯದಾಗಿ ಮಾತಾಡಿದ ಪೋರ್ಟ್ ಯಾವುದೋ ಸ್ವಿಚ್ ಅಲ್ಲಿಗೇ ಉತ್ತರ ಕಳಿಸುತ್ತದೆ. ಒಬ್ಬರು ಕೇಳಿದ್ದು ಇನ್ನೊಬ್ಬರ ಮನೆಗೆ. ಕೇಳಿದವರಿಗೆ ಉತ್ತರ ಇಲ್ಲ, ಐದು ಸೆಕೆಂಡ್ ಕಾದು ಮತ್ತೆ ಕೇಳುತ್ತಾರೆ. ಪೂಲ್ ಬರಿದು ಮಾಡಿದವರು ಇವರೇ. ಮ್ಯಾಕ್ ಅನ್ನು ಗುರುತು ಮಾಡಿದ ಮೇಲೆ ಐವರಿಗೂ ನಾನೇ ಒಂದೇ ಕಾಯಂ ವಿಳಾಸ ಬರೆದುಕೊಟ್ಟೆ. ಆರ್ಪಿಂಗ್‌ಗೆ ಐವರೂ ಒಂದೇ ಹೆಸರು ಹೇಳಿದರು.

ಬೆಳಿಗ್ಗೆ ಸಪ್ಲೈಯರ್‌ಗೆ ಫೋನ್ ಹಚ್ಚಿದೆ. ‘ಮ್ಯಾಕ್ ಚಿಪ್‌ನಲ್ಲೇ ಇರುತ್ತೆ ಸರ್’ ಅಂದರು. ಇರುವುದಿಲ್ಲ. ಡಬ್ಲ್ಯು5500ರ ಒಳಗೆ ಕಾರ್ಖಾನೆಯ ಮ್ಯಾಕ್ ಬರುವುದಿಲ್ಲ, ಪ್ರತಿ ಸಲ ಆನ್ ಆದಾಗ ಫರ್ಮ್‌ವೇರೇ ಅದರ ರಿಜಿಸ್ಟರ್‌ಗೆ ಬರೆಯಬೇಕು. ಡೇಟಾಶೀಟ್‌ನ ಆ ಪುಟ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಫರ್ಮ್‌ವೇರ್ ಹಾಕಿದ ಬೋರ್ಡು ವಾಪಸ್ ತಗೊಳ್ಳಲ್ಲ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದೆ. ಬೋರ್ಡುಗಳೇನೋ ಗಟ್ಟಿ, ಬೆಸುಗೆ ಶುದ್ಧ. ದುಡ್ಡು ತಗೊಂಡು ಹಾಕಿದ ಫರ್ಮ್‌ವೇರ್‌ನಲ್ಲಿ ಆರು ಬೈಟ್ ಬದಲಿಸಲು ಅವರಿಗೆ ಪುರಸೊತ್ತು ಸಿಗಲಿಲ್ಲ ಅನ್ನೋದೇ ಸಿಟ್ಟು.

ಈಗಿನ ವ್ಯವಸ್ಥೆ ಹೀಗೆ. ಪಿಕೋದ ಫ್ಲ್ಯಾಶ್ ಚಿಪ್‌ನಲ್ಲಿ 64 ಬಿಟ್‌ನ ಐಡಿ ಒಂದಿರುತ್ತದೆ, ಪ್ರತಿ ಚಿಪ್‌ಗೂ ಬೇರೆ. ಎಪಿಐಗೆ ಇನ್ನು ಅದೇ ಗುರುತು. ಮ್ಯಾಕ್ ಅನ್ನೂ ಅದರಿಂದಲೇ ಕಟ್ಟುತ್ತೇನೆ: ಮೊದಲ ಬೈಟ್ 02, ಉಳಿದದ್ದು ಐಡಿಯ ಕೊನೆಯ ಐದು ಬೈಟ್. 02 ಅಂದರೆ ಇದು ಯಾವ ಕಂಪನಿಯ ಹೆಸರಿನದ್ದೂ ಅಲ್ಲ, ಇಲ್ಲೇ ಕೊಟ್ಟುಕೊಂಡದ್ದು ಎಂದು ಹೇಳುವ ಬಿಟ್. ಬೇರೆ ಐಡಿಯವರು ಟೇಬಲ್‌ನಲ್ಲಿ ಈಗಾಗಲೇ ಇರುವ ಮ್ಯಾಕ್ ಹೇಳಿಕೊಂಡು ಬಂದರೆ ಎಪಿಐ 409 (‘ಜಗಳ ಇದೆ’ ಎಂಬ ಸಂಕೇತ) ಹೇಳಿ ವಾಪಸ್ ಕಳಿಸುತ್ತದೆ, ಬೋರ್ಡಿನ ಕೆಂಪು ದೀಪ ಮಿನುಗುತ್ತದೆ. ಲಾಗ್‌ನಲ್ಲಿ ಇನ್ನು ಆರೂ ಬೈಟ್. ಎಲ್ಲಕ್ಕಿಂತ ಮುಖ್ಯ, ಪೀಸ್ ಲೆಕ್ಕ ಬರೆಯುವ ಕಡೆ ವಿಳಾಸ ನೋಡುವುದನ್ನೇ ಬಿಟ್ಟೆ. ಬೋರ್ಡು ತನ್ನ ಐಡಿಯನ್ನು ಪ್ರತಿ ಲೆಕ್ಕದ ಜೊತೆಗೇ ಕಳಿಸುತ್ತದೆ. ಕೂಲಿಯ ಲೆಕ್ಕವನ್ನು ವಿಳಾಸದ ಮೇಲೆ ನಿಲ್ಲಿಸಬಾರದಿತ್ತು. ವಿಳಾಸ ಇವತ್ತು ಇವರದ್ದು, ನಾಳೆ ಇನ್ನೊಬ್ಬರದ್ದು.

ಇದನ್ನು ಬರೆಯುತ್ತಿದ್ದ ಹಾಗೇ ಮುಂದಿನ ಕೆಲಸದ ನೆನಪು ಉಕ್ಕಿತು. ಕುರುಗೋಡು ಕಡೆ ಅಣ್ಣನ ಹೊಲ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಊರೆಲ್ಲ ನೀರು ಎಷ್ಟು ಉಳಿದೀತು ಎಂದು ಫೋನ್ ಹಿಡಿದು ಕೂತಿತ್ತು. ಅವತ್ತಿನಿಂದ ಕಾಲುವೆ ನೀರಿನ ಮಟ್ಟ ತೋರಿಸುವ ಒಂದು ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ಹೋಗುವ ರೇಡಿಯೋ) ಗೇಜ್ ಮಾಡಬೇಕೆಂಬ ಆಸೆ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಓದುತ್ತಾ ಹೋದರೆ ಅಲ್ಲೂ ಇದೇ ಕಥೆ! ಲೋರಾ ಸಾಧನಗಳ ಜಾಲದ ನಿಯಮವಾದ ಲೋರಾವಾನ್‌ನಲ್ಲಿ ಸಾಧನಕ್ಕೆ ಕೊಡುವ 32 ಬಿಟ್ ವಿಳಾಸ ಎರಡು ಸಾಧನಕ್ಕೆ ಒಂದೇ ಆಗಬಹುದು, ಯಾರದು ಯಾವುದು ಅಂತ ಸರ್ವರ್ ಕೀಲಿಯಿಂದ ತಾಳೆ ನೋಡಿ ತಿಳಿಯುತ್ತದೆ. ಕಾಯಂ ಗುರುತು ಅಂದರೆ ಇಯುಐ ಎಂಬ 64 ಬಿಟ್‌ನ ಸಂಖ್ಯೆ, ಪ್ರತಿ ಸಾಧನಕ್ಕೂ ಬೇರೆ. ಅದನ್ನು ಕಟ್ಟಿದವರು ಮೊದಲೇ ಯೋಚಿಸಿಟ್ಟಿದ್ದಾರೆ. ಮಾಡ್ಯೂಲ್ ಎರಡು ತರಿಸುತ್ತಿದ್ದೇನೆ, ಖಾಲಿಯವು, ಫರ್ಮ್‌ವೇರ್ ಇಲ್ಲದವು.

ಇವತ್ತು ಮಧ್ಯಾಹ್ನ ಐದೂ ಬೋರ್ಡಿಗೆ ಹೊಸ ಫರ್ಮ್‌ವೇರ್ ಹಾಕಿದೆ. ಹಳೆಯ 33ರಲ್ಲಿ 12 ಆಗಿವೆ, ಉಳಿದವು ಊಟದ ಹೊತ್ತಿನಲ್ಲಿ ಮಷಿನ್ ನಿಂತಾಗ ಒಂದೊಂದಾಗಿ ಆಗಬೇಕು. ಅಲ್ಲಿವರೆಗೆ ಅವುಗಳ ಗುರುತಿಗೆ ಹಳೆಯ ಮ್ಯಾಕನ್ನೇ ಒಪ್ಪಿಕೊಳ್ಳುವ ಒಂದು ಕವಲು ಕೋಡ್‌ನಲ್ಲಿದೆ. ಸಂಜೆ 4.20ಕ್ಕೆ ಕರೆಂಟ್ ಹೋಯಿತು. ಬಂದದ್ದು 4.50ಕ್ಕೆ. ಪರದೆ ಮುಂದೆ ನಿಂತಿದ್ದೆ. ಸಾಲುಗಳು ಮೇಲೆ ಮೇಲೆ ಬಿದ್ದವು, ಎಲ್ಲಕ್ಕೂ 200, ಕೊನೆಗೆ ಎಣಿಸಿದರೆ 38.

ಬಾರ್‌ಟ್ಯಾಕ್ ಅಕ್ಕನ ಹತ್ತಿರ ಕೈಯಗಲದ ಡೈರಿ ಇದೆ. ಗಲಾಟೆ ಶುರುವಾದ ದಿನದಿಂದ ಹತ್ತತ್ತು ಪೀಸಿಗೆ ಒಂದು ಗೀಟು ಎಳೆಯುತ್ತಾ ಬಂದಿದ್ದಾರೆ. ಪಕ್ಕದಲ್ಲಿ ಕೂತು ಅವರ ಗೀಟು, ನನ್ನ ಪರದೆ, ಎರಡನ್ನೂ ಕೂಡಿದೆವು. ಮಧ್ಯಾಹ್ನದ ನಂತರದ್ದು ಅವರ ಹತ್ತಿರ 23 ಗೀಟು, ಮೇಲೆ ನಾಲ್ಕು. ನನ್ನ ಹತ್ತಿರ 234. ಶನಿವಾರದವರೆಗೆ ಗೀಟು ಬಿಡಬೇಡಿ ಅಂತ ಹೇಳಿದ್ದೇನೆ, ‘ಬಿಡಂಗಿಲ್ಲ ತಗೋ’ ಅಂದರು.