ಹೆಬ್ಬೆರಳಿಗೆ ತಿಳಿಯದ ಕಂಪನ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಬಚ್ಚಲಿನಲ್ಲಿ, ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಅಪ್ಪ ಹಂಡೆಯ ಕಡೆಗೆ ವಾಲಿ ಬಿದ್ದರು. ಅದಕ್ಕೂ ಮೊದಲೇ ಅವರ ಪಾದಗಳು ಜೋಮು ಹಿಡಿಯುತ್ತಿದ್ದವು, ತೋಟದಲ್ಲಿ ಚಪ್ಪಲಿ ಕಳಚಿಹೋದರೂ ಗೊತ್ತಾಗುತ್ತಿರಲಿಲ್ಲ. ವಯಸ್ಸಿನ ನರದೌರ್ಬಲ್ಯವೆಂಬ ಮಾತನ್ನು ನಂಬಿ, ವಿಟಮಿನ್ ಮಾತ್ರೆಗಳಲ್ಲಿ ಒಂದೂವರೆ ವರ್ಷ ಕಳೆದಿದ್ದೆವು.

ಬೆಂಗಳೂರಿನ ನರರೋಗ ತಜ್ಞರು ಕಂಪಿಸುವ ಶ್ರುತಿಕವೆಯನ್ನು ಅಪ್ಪನ ಕಾಲಿನ ಹೆಬ್ಬೆರಳಿಗೆ ಒತ್ತಿದಾಗ ಅಪ್ಪನಿಗೆ ಏನೂ ತಿಳಿಯಲಿಲ್ಲ. ರಕ್ತಪರೀಕ್ಷೆಯಲ್ಲಿ, ಸೋಂಕನ್ನು ಎದುರಿಸಲು ದೇಹ ತಯಾರಿಸುವ ಐಜಿಎಂ ಎಂಬ ಪ್ರತಿಕಾಯದ ಒಂದೇ ಬಗೆ ಮಿತಿಮೀರಿ ಉತ್ಪತ್ತಿಯಾಗುತ್ತಿರುವುದು ಕಂಡಿತು. ಮಜ್ಜೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಗಲಿಲ್ಲ. ಆದರೆ ಆ ಪ್ರತಿಕಾಯವು, ನರತಂತುವಿನ ಹೊದಿಕೆಯಾದ ಮಯಲಿನ್‌ನಲ್ಲಿರುವ ಮ್ಯಾಗ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಹೊದಿಕೆಯ ಪದರಗಳನ್ನು ಸಡಿಲಗೊಳಿಸುತ್ತಿತ್ತು. ದೇಹದ ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ಪಾದಗಳೇ ಮುಂಚೆ ಮರಗಟ್ಟಿದ್ದವು.

ಪ್ರತಿಕಾಯದ ಮೂಲವಾದ ಬಿ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಡಬಹುದೆಂದು ರಕ್ತರೋಗ ತಜ್ಞರು ಹೇಳಿದ ದಿನ, ಇದು ಖಂಡಿತ ಗುಣಪಡಿಸುವುದೇ ಎಂದು ನಾನು ಒತ್ತಿ ಕೇಳಿದೆ. ಅವರು ಭರವಸೆಯ ಬದಲು ಸಂಶೋಧನೆಯನ್ನು ಮುಂದಿಟ್ಟರು. 2013ರಲ್ಲಿ ಪ್ರಕಟವಾದ, ಫ್ರಾನ್ಸಿನ ವೈದ್ಯರ ನೇತೃತ್ವದ ಪ್ರಯೋಗದಲ್ಲಿ 54 ರೋಗಿಗಳಿದ್ದರು. 26 ಮಂದಿಗೆ ವಾರಕ್ಕೊಂದರಂತೆ ನಾಲ್ಕು ಬಾರಿ ಔಷಧಿ, ಉಳಿದ 28 ಮಂದಿಗೆ ಹುಸಿ ಔಷಧಿ. ಒಂದು ವರ್ಷದ ನಂತರ, ಮುಖ್ಯ ಅಳತೆಯಾಗಿದ್ದ ಸ್ಪರ್ಶಜ್ಞಾನದ ಅಂಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ದಿನನಿತ್ಯದ ಓಡಾಟ, ಕೆಲಸಗಳ ಅಳತೆಯಲ್ಲಿ ಔಷಧಿ ಪಡೆದ ಕೆಲವರು ಸ್ಪಷ್ಟವಾಗಿ ಸುಧಾರಿಸಿದ್ದರು. 2009ರ ಅಮೆರಿಕದ 26 ಜನರ ಪ್ರಯೋಗದಲ್ಲೂ ಹತ್ತು ಮೀಟರ್ ನಡೆಯಲು ಹಿಡಿಯುವ ಸಮಯ ಕಡಿಮೆಯಾಗಿತ್ತು. ಕೆಲವರಲ್ಲಿ ಆರಂಭದಲ್ಲಿ ರೋಗ ಉಲ್ಬಣಿಸುವುದೂ ಉಂಟೆಂದು ಅವರು ಮುಚ್ಚಿಡದೆ ತಿಳಿಸಿದರು.

ನನಗೆ ನಿರಾಶೆಯಾಯಿತು. ಅಪ್ಪ ಮಾತ್ರ, “ಡಾಕ್ಟ್ರೇ, ಬಚ್ಚಲಲ್ಲಿ ಕಣ್ಣು ಮುಚ್ಚಿ ನಿಲ್ಲೋದನ್ನ ಅವರು ಅಳೆದಿದ್ರಾ?” ಎಂದು ಕೇಳಿದರು. ವೈದ್ಯರು ಆ ಪ್ರಶ್ನೆಯನ್ನು ಅಪ್ಪನ ಫೈಲಿನಲ್ಲೇ ಬರೆದುಕೊಂಡರು. ಹೆಪಟೈಟಿಸ್ ಬಿ ಪರೀಕ್ಷೆಯ ವರದಿ ಬಂದ ಮೇಲೆ ಮೊದಲ ಡ್ರಿಪ್ ಹಾಕಿದರು. ಹನಿಯುವ ಬಾಟಲಿಯನ್ನು ನೋಡುತ್ತಾ, ತಮಗೆ ಸಿಗುತ್ತಿರುವುದು ಔಷಧಿಯೋ ಅಲ್ಲವೋ ಎಂದು ತಿಳಿಯದೆಯೇ ವರ್ಷವಿಡೀ ಪರೀಕ್ಷೆಗೆ ಒಡ್ಡಿಕೊಂಡ ಆ 28 ಮಂದಿಯನ್ನು ನಾನು ನೆನೆದೆ. ಅವರಿಲ್ಲದೆ ನಮಗೆ ಆ ದಿನ ಸಿಕ್ಕ ಪ್ರಾಮಾಣಿಕ ಉತ್ತರ ಸಿಗುತ್ತಿರಲಿಲ್ಲ.

ಇದಾಗಿ ಹತ್ತು ತಿಂಗಳಾಗಿದೆ. ಶ್ರುತಿಕವೆಯ ಕಂಪನ ಅಪ್ಪನ ಹೆಬ್ಬೆರಳಿಗೆ ಇಂದಿಗೂ ತಿಳಿಯುವುದಿಲ್ಲ. ಬಚ್ಚಲಿನಲ್ಲಿ ಮಾತ್ರ, ಗೋಡೆಗೆ ಒಂದೇ ಬೆರಳು ತಾಗಿಸಿಕೊಂಡು, ಕಣ್ಣು ಮುಚ್ಚಿ ಮುಖ ತೊಳೆಯುತ್ತಾರೆ.