ಚರ್ಚಿನ ನೆಲದ ಮೇಲೆ ಎರಡೂವರೆ ನಿಮಿಷದ ಸೂರ್ಯ

ಡಿಸೆಂಬರ್ 21ರಂದು ಇಟಲಿಯ ಬೊಲೊನ್ಯಾದ ಸ್ಯಾನ್ ಪೆಟ್ರೋನಿಯೊ ಚರ್ಚಿನಲ್ಲಿ ನಡುಹಗಲಾಗುವುದು ಹನ್ನೆರಡಕ್ಕಲ್ಲ, ಹನ್ನೆರಡು ದಾಟಿ ಹದಿಮೂರು ನಿಮಿಷಕ್ಕೆ. ಇಟಲಿಯ ಗಡಿಯಾರ ನಡೆಯುವುದು 15 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಊರು ಇರುವುದು 11.34 ಡಿಗ್ರಿಯಲ್ಲಿ. ಅಷ್ಟಕ್ಕೇ ಹದಿನಾಲ್ಕೂವರೆ ನಿಮಿಷ ತಡ. ಅದರ ಮೇಲೆ ಸೂರ್ಯನ ಸ್ವಂತ ಏರುಪೇರು ಬೇರೆ: ಫೆಬ್ರವರಿ ನಡುವಿನಲ್ಲಾದರೆ 12.29, ನವೆಂಬರ್ ಮೊದಲ ವಾರದಲ್ಲಾದರೆ 11.58. ಬೇಸಿಗೆಯಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿರುತ್ತಾರೆ. ಸರಿಯಾಗಿ ಹನ್ನೆರಡಕ್ಕೆ ಬಂದು, ಸುತ್ತ ನೋಡಿ, ಏನೂ ಕಾಣಲಿಲ್ಲವೆಂದು ಹೊರಟುಬಿಡುವವರು ನೋಡಬೇಕಾದ್ದನ್ನೇ, ಅಂದರೆ ನಡುಹಗಲಿಗೆ ಸೂರ್ಯನ ಬಿಂಬ ನೆಲದ ಮೇಲಿನ ಉತ್ತರ ದಕ್ಷಿಣ ಗೆರೆಯನ್ನು ದಾಟುವುದನ್ನೇ, ಕಳೆದುಕೊಳ್ಳುತ್ತಾರೆ.

ಚೌಕದ ಕಡೆಯಿಂದ ಒಳಗೆ ಬಂದು ಎಡಕ್ಕೆ ತಿರುಗಿದರೆ ನೆಲದಲ್ಲಿ ಅಮೃತಶಿಲೆಯ ಪಟ್ಟಿ, ಅದರ ನಡುವೆ ಹಿತ್ತಾಳೆಯ ಸಣ್ಣ ಗೆರೆ. ಉದ್ದ ಸುಮಾರು 67 ಮೀಟರ್. ಕಂಬಗಳ ಸಾಲಿಗೆ ಓರೆಯಾಗಿ, ಅವುಗಳ ನಡುವೆ ಹೇಗೋ ನುಸುಳಿಕೊಂಡು ಹೋಗುತ್ತದೆ. ಚರ್ಚು ಕಟ್ಟಿದವರಿಗೆ ಉತ್ತರ ದಕ್ಷಿಣದ ಹಂಗಿರಲಿಲ್ಲ, ಗೆರೆ ಎಳೆದವನಿಗೆ ಅದೇ ಮುಖ್ಯ. ಮೇಲೆ ಕಮಾನು ಚಾವಣಿಯಲ್ಲಿ, 27.07 ಮೀಟರ್ ಎತ್ತರದಲ್ಲಿ, ಒಂದು ದುಂಡು ತೂತು. ಅದರ ಅಗಲ 27.07 ಮಿಲಿಮೀಟರ್, ಎತ್ತರದ ಸಾವಿರದ ಒಂದು ಪಾಲು. ಹೆಂಚಿನ ಮನೆಯ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಕಾಸು ನೋಡಿದವರಿಗೆ ಇದು ಹೊಸದಲ್ಲ; ಸಂದಿ ಯಾವ ಆಕಾರದ್ದಾದರೂ ಕಾಸು ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನದೇ ಬಿಂಬ. ಇಲ್ಲಿ ಅದನ್ನೇ ಅಳತೆಯ ಉಪಕರಣವಾಗಿ ಬೆಳೆಸಿದ್ದಾರೆ.

ಡಿಸೆಂಬರಿನ ಬಿಂಬ ಬೀಳುವುದು ಗೆರೆಯ ಉತ್ತರದ ತುದಿಯಲ್ಲಿ, ಬಾಗಿಲ ಹತ್ತಿರ. ತೂತಿಗೆ ಮುಖ ಮಾಡಿ ನಿಂತರೆ ಅದು ಬಲದಿಂದ ಎಡಕ್ಕೆ ಬರುತ್ತದೆ. ಸೂರ್ಯ ಪಡುವಣಕ್ಕೆ ಹೋದಷ್ಟೂ ಬಿಂಬ ಮೂಡಣಕ್ಕೆ. ಎಪ್ಪತ್ತು ಸೆಂಟಿಮೀಟರ್ ಅಗಲ, ಸುಮಾರು 1.8 ಮೀಟರ್ ಉದ್ದದ ಮೊಟ್ಟೆಯಾಕಾರ, ಬಣ್ಣ ಪೇಲವ. ಜೂನಿನಲ್ಲಾದರೆ ಮೂವತ್ತು ಸೆಂಟಿಮೀಟರಿನ ಊಟದ ತಟ್ಟೆಯಷ್ಟು, ಹೆಚ್ಚುಕಡಿಮೆ ದುಂಡಗೆ, ಬೆಳಕೂ ಜೋರು. ಡಿಸೆಂಬರಿನಲ್ಲಿ ಅದರ ಓಟ ಸೆಕೆಂಡಿಗೆ ಐದು ಮಿಲಿಮೀಟರಿನ ಹತ್ತಿರ. ದಿಟ್ಟಿಸಿ ನಿಂತರೆ ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ. ಮುಂದಿನ ಅಂಚು ಹಿತ್ತಾಳೆಗೆ ತಾಗಿದಾಗ ಒಂದು ಸಮಯ, ಹಿಂದಿನ ಅಂಚು ಬಿಟ್ಟಾಗ ಇನ್ನೊಂದು ಸಮಯ ಬರೆದುಕೊಳ್ಳಬೇಕು. ನಡುವೆ ಸುಮಾರು ಎರಡೂವರೆ ನಿಮಿಷ. ಎರಡರ ಸರಾಸರಿಯೇ ನಡುಹಗಲು.

ಉದ್ದದ ಅಳತೆಯಲ್ಲಿ ಮಾತ್ರ ಎಡವುವುದು ಸುಲಭ. ಅಂಚು ಗೆರೆ ಕೊರೆದಂತಿರುವುದಿಲ್ಲ, ತೂತಿನ ಅಗಲದಷ್ಟು ಮಸುಕಾಗಿರುತ್ತದೆ. ಅಳೆದದ್ದರಲ್ಲಿ 27 ಮಿಲಿಮೀಟರ್ ಕಳೆಯದಿದ್ದರೆ ಸೂರ್ಯ ಇರುವುದಕ್ಕಿಂತ ದೊಡ್ಡವನಾಗುತ್ತಾನೆ. ಬೆಳಕು ಓರೆಯಾಗಿ ಬೀಳುವುದರಿಂದ ಮೊಟ್ಟೆಯ ನಡುಬಿಂದು ಸೂರ್ಯನ ನಡುಬಿಂದುವಲ್ಲ, ಡಿಸೆಂಬರಿನಲ್ಲಿ ಒಂದು ಸೆಂಟಿಮೀಟರ್ ಆಚೆ ಇರುತ್ತದೆ. ಇನ್ನು ಗಾಳಿ ಬೆಳಕನ್ನು ಬಗ್ಗಿಸುತ್ತದಲ್ಲ, ಅದು ಬಿಂಬವನ್ನು ಹದಿಮೂರು ಸೆಂಟಿಮೀಟರಿನಷ್ಟು ತೂತಿನ ಕಡೆಗೆ ಎಳೆದಿರುತ್ತದೆ. ಜೂನಿನಲ್ಲಿ ಇದೇ ತಪ್ಪು ಮೂರು ಮಿಲಿಮೀಟರ್ ಅಷ್ಟೇ. ಚಾವಣಿ ಒಂದು ಮಿಲಿಮೀಟರ್ ಕುಸಿದರೆ ಚಳಿಗಾಲದ ಬಿಂಬ ಎರಡೂವರೆ ಮಿಲಿಮೀಟರ್ ಸರಿಯುತ್ತದೆ. ಹಳೆಯ ಕಟ್ಟಡ ಕೂರದೆ ಇರುತ್ತದೆಯೇ? 1695ರಲ್ಲೂ 1776ರಲ್ಲೂ ಎಲ್ಲವನ್ನೂ ಮತ್ತೆ ಅಳೆದು ದುರಸ್ತಿ ಮಾಡಬೇಕಾಯಿತು. ಈಗಿನ ಹಿತ್ತಾಳೆ ಆ ಎರಡನೆಯ ದುರಸ್ತಿಯದು; ಮೊದಲಿದ್ದದ್ದು ಕಬ್ಬಿಣ.

ಗೆರೆ ಎಳೆದವನು ಖಗೋಳಜ್ಞ ಜೊವಾನ್ನಿ ದೊಮೆನಿಕೊ ಕ್ಯಾಸಿನಿ, 1655ರಲ್ಲಿ. ಅದಕ್ಕೂ ಎಂಬತ್ತು ವರ್ಷ ಹಿಂದೆ ಎನ್ಯಾಸಿಯೊ ದಾಂತಿ ಇದೇ ಚರ್ಚಿನಲ್ಲಿ ಒಂದು ಗೆರೆ ಮಾಡಿದ್ದ. ಈಸ್ಟರ್ ಹಬ್ಬದ ದಿನ ಗೊತ್ತುಮಾಡಲು ಹಗಲು ರಾತ್ರಿ ಸಮವಾಗುವ ವಿಷುವದ ದಿನ ಬೇಕು, ಅದು ಹಳೆಯ ಪಂಚಾಂಗದಲ್ಲಿ ಹತ್ತು ದಿನ ಜಾರಿತ್ತು. 1582ರಲ್ಲಿ ಆ ಹತ್ತು ದಿನಗಳನ್ನು ತೆಗೆದುಹಾಕಿದ ಹದಿಮೂರನೆಯ ಗ್ರೆಗರಿ ಪೋಪ್ ಇದೇ ಊರಿನವನು. ಚರ್ಚನ್ನು ವಿಸ್ತರಿಸುವಾಗ ದಾಂತಿಯ ತೂತಿದ್ದ ಗೋಡೆ ಹೋಯಿತು. ಹೊಸ ಗೆರೆ ಬೇಕಾಯಿತು; ಅದು ಕ್ಯಾಸಿನಿಗೆ ಒದಗಿದ ಅದೃಷ್ಟ.

ಅವನಿಗೆ ಈಸ್ಟರ್ ಒಂದು ನೆಪವಾಗಿತ್ತೆಂದೇ ನನ್ನ ಎಣಿಕೆ. ತಿಳಿಯಬೇಕಿದ್ದದ್ದು ಬೇರೆ. ಸೂರ್ಯ ಚಳಿಗಾಲದಲ್ಲಿ ವೇಗವಾಗಿಯೂ ಬೇಸಿಗೆಯಲ್ಲಿ ನಿಧಾನವಾಗಿಯೂ ಚಲಿಸಿದಂತೆ ಕಾಣುತ್ತದೆ. ಇದಕ್ಕೆಲ್ಲ ದೂರದ ವ್ಯತ್ಯಾಸವೇ ಕಾರಣ ಎಂದಿತು ಹಳೆಯ ಶಾಸ್ತ್ರ. ಅರ್ಧ ದೂರದಿಂದ, ಇನ್ನರ್ಧ ನಿಜವಾದ ವೇಗದ ಏರುಪೇರಿನಿಂದ ಎಂದ ಖಗೋಳಜ್ಞ ಕೆಪ್ಲರ್. ಹಳೆಯದು ಸರಿಯಾದರೆ ಜನವರಿಯ ಸೂರ್ಯನಿಗೂ ಜುಲೈ ಸೂರ್ಯನಿಗೂ ಅಗಲದಲ್ಲಿ ಎರಡು ಕೋನನಿಮಿಷದಷ್ಟು (ಡಿಗ್ರಿಯ ಅರವತ್ತರ ಒಂದು ಪಾಲು ಒಂದು ಕೋನನಿಮಿಷ) ವ್ಯತ್ಯಾಸ ಕಾಣಬೇಕು. ಕೆಪ್ಲರ್ ಸರಿಯಾದರೆ ಒಂದೇ ನಿಮಿಷ. ಚರ್ಚಿನ ನೆಲದಲ್ಲಿ ಒಂದು ಕೋನನಿಮಿಷವೆಂದರೆ ಚಳಿಗಾಲದ ಬಿಂಬದ ಅಗಲದಲ್ಲಿ ಎರಡು ಸೆಂಟಿಮೀಟರ್, ಬೇಸಿಗೆಯಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ. ಅಂಚಿನ ಮಸುಕೇ 27 ಮಿಲಿಮೀಟರ್! ಇಷ್ಟು ಎತ್ತರದ ಕಟ್ಟಡ ಏಕೆ ಬೇಕಾಯಿತೆಂದು ಈಗ ಗೊತ್ತಾಗುತ್ತದೆ. ಅಳತೆ ಕೆಪ್ಲರ್ ಪರವಾಗಿ ಬಂತು. ಭೂಮಿ ಸುತ್ತುತ್ತದೆಂದ ಗೆಲಿಲಿಯೊಗೆ ಶಿಕ್ಷೆಯಾಗಿ ಇಪ್ಪತ್ತೆರಡೇ ವರ್ಷ, ಊರು ಪೋಪರ ಆಳ್ವಿಕೆಯದು. ಆದರೆ ಭೂಮಿ ಸುತ್ತುತ್ತದೋ ಸೂರ್ಯ ಸುತ್ತುತ್ತಾನೋ ಎಂಬುದನ್ನು ಈ ಅಳತೆ ಹೇಳುವುದಿಲ್ಲ. ಎರಡಕ್ಕೂ ದೂರ ಒಂದೇ.

ಗೆರೆಯ ಬದಿಯಲ್ಲಿ ರಾಶಿಗಳ ಗುರುತುಗಳಿವೆ. ಡಿಸೆಂಬರಿನ ತುದಿಯಲ್ಲಿರುವುದು ಮಕರ. ನಮ್ಮ ಮಕರ ಸಂಕ್ರಾಂತಿ ಜನವರಿ 14ಕ್ಕಲ್ಲವೇ ಎನ್ನುವವರಿಗೆ: ಅವರದು ಸಾಯನ, ಅಂದರೆ ವಿಷುವದಿಂದ ಎಣಿಕೆ; ನಮ್ಮದು ನಿರಯನ, ನಕ್ಷತ್ರಗಳಿಂದ ಎಣಿಕೆ; ನಡುವಿನ ಸುಮಾರು 24 ಡಿಗ್ರಿ ಅಂತರವೇ ಅಯನಾಂಶ.

ಡಿಸೆಂಬರ್ 21ರಂದು ಮೋಡ ಕವಿದರೆ ಬೇಸರಪಡಬೇಕಿಲ್ಲ. ವಿಷುವದ ಹೊತ್ತಿಗೆ ಬಿಂಬ ಒಂದೇ ದಿನಕ್ಕೆ 37 ಸೆಂಟಿಮೀಟರ್ ಜಿಗಿಯುತ್ತದೆ, ಒಂದು ದಿನ ತಪ್ಪಿದರೆ ತಪ್ಪಿದ್ದೇ. ಅಯನದ ಹೊತ್ತಿಗೆ ಹಾಗಲ್ಲ. 22ರಂದು ಬಂದರೂ ಬಿಂಬ ಸರಿದಿರುವುದು ಒಂದು ಸೆಂಟಿಮೀಟರ್ ಚಿಲ್ಲರೆ. ಅದು ಅಂಚಿನ ಮಸುಕಿನೊಳಗೇ ಅಡಗಿರುತ್ತದೆ.