ಬೂಟ್ ಖಾಲಿಯಾಗಿತ್ತು, ಲಗ್ನಪತ್ರಿಕೆ ಅಲ್ಲೇ ಇತ್ತು

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲೇ ಒಂದು ಓಣಿಯಲ್ಲಿ ನಮ್ಮ ಕಾಕಾನ ಸಣ್ಣ ಪ್ರೆಸ್ ಇದೆ. ಅಲ್ಲಿನ ಕಂಪ್ಯೂಟರಿಗೆ ಉಬುಂಟು 22.04 ಅನ್ನುವ ಲಿನಕ್ಸ್ (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟವನು ನಾನು, ಹೀಗಾಗಿ ಏನೇ ಆದರೂ ಹುಬ್ಬಳ್ಳಿಯಿಂದ ನಾನೇ ಹೋಗಬೇಕು. ಆ ಶನಿವಾರ ಹೋಗಿದ್ದು ಸುಮ್ನೆ ಅಪ್‌ಡೇಟ್ ಮಾಡಿ ಬರೋಣ ಅಂತ. ಏಪ್ರಿಲ್ ತಿಂಗಳು, ಲಗ್ನದ ಸೀಜನ್. ಸಂಜೆಯೊಳಗೆ ಒಂದು ಪತ್ರಿಕೆಯ ಪ್ರೂಫ್ ಕೊಡಬೇಕಿತ್ತು.

ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಬೂಟ್ ಪಾರ್ಟಿಷನ್‌ನಲ್ಲಿ, ಅಂದರೆ ಮಷೀನ್ ಶುರುವಾಗಲು ಬೇಕಾದ ಫೈಲುಗಳಿಗೆಂದೇ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗದಲ್ಲಿ, ಜಾಗ ಇಲ್ಲ ಅಂತ ಎರರ್. ಇನ್‌ಸ್ಟಾಲ್ ಮಾಡುವಾಗ ಅದಕ್ಕೆ 512 ಎಂಬಿ ಸಾಕು ಅಂದುಕೊಂಡಿದ್ದೆ. ಆದರೆ ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಪ್ರತಿ ಕರ್ನಲ್ ಜೊತೆಗೂ ಶುರುವಿಗೆ ಬೇಕಾದ ಇನಿಟ್‌ಆರ್‌ಡಿ ಅನ್ನುವ ಫೈಲ್ ಇರುತ್ತದೆ, ಎಷ್ಟೋ ಸಲ ಅದೊಂದೇ ನೂರು ಎಂಬಿಗಿಂತ ಜಾಸ್ತಿ. ಮೂರು ಕರ್ನಲ್ ಆಗಲೇ ಕೂತಿದ್ದವು, ನಾಲ್ಕನೆಯದಕ್ಕೆ ಎಡೆಯೇ ಇರಲಿಲ್ಲ. ಹಳೆಯವನ್ನು ತೆಗೆಯುವ ಆಟೋರಿಮೂವ್ ಕೂಡ ಅದೇ ಎರರ್ ಕೊಟ್ಟು ನಿಂತಾಗ ನಾನು ಬೂಟ್ ಫೋಲ್ಡರಿಗೆ ಹೋಗಿ, ಹಳೆಯ ಎರಡನ್ನಷ್ಟೇ ಕೈಯಿಂದಲೇ ಅಳಿಸೋಣ ಅಂತ ಆರ್‌ಎಂ ಕಮಾಂಡ್ ಬರೆದು, ವರ್ಷನ್ ನಂಬರಿನ 5.15.0 ಆದಮೇಲೆ ಒಂದು ಸ್ಟಾರ್ ಹಾಕಿ ಎಂಟರ್ ಒತ್ತಿದೆ. ಸ್ಟಾರ್ ಅಂದರೆ ಮುಂದೆ ಏನೇ ಇದ್ದರೂ ಸರಿ ಅಂತ, ಅಲ್ಲಿದ್ದ ಎಲ್ಲ ಕರ್ನಲ್‌ಗಳ ವರ್ಷನ್ ನಂಬರೂ ಅದರಿಂದಲೇ ಶುರುವಾಗುತ್ತಿತ್ತು. ಎಲ್ಲವೂ ಹೋದವು.

ಅದು ನನ್ನ ಗಮನಕ್ಕೆ ಬರಲಿಲ್ಲ. ಜಾಗ ಎಷ್ಟಾಯಿತು ಅಂತ ನೋಡಿದೆ, ಸಾಕಷ್ಟು ಇತ್ತು. ಖುಷಿಯಾಗಿ ರೀಸ್ಟಾರ್ಟ್ ಮಾಡಿದೆ.

ಅಳಿಸಿದ್ದಕ್ಕಿಂತ ಈ ರೀಸ್ಟಾರ್ಟೇ ದೊಡ್ಡ ತಪ್ಪು. ಓಡುತ್ತಿರುವ ಕರ್ನಲ್ ಮೆಮರಿಯಲ್ಲಿ ಇರುತ್ತದೆ, ಡಿಸ್ಕ್‌ನಲ್ಲಿ ಅದರ ಫೈಲ್ ಹೋದರೂ ಮಷೀನ್ ನಡೆಯುತ್ತಲೇ ಇರುತ್ತದೆ. ಆಗಲೇ ಕರ್ನಲ್ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿದ್ದರೆ ಸ್ವಲ್ಪ ಹೊತ್ತಿನ ಕೆಲಸ. ನಿಮಗೆ ಯಾವತ್ತಾದರೂ ಹೀಗಾದರೆ ಮಷೀನ್ ಆಫ್ ಮಾಡಬೇಡಿ, ದಯವಿಟ್ಟು.

ಯಾವ ಕರ್ನಲ್‌ನಿಂದ ಶುರು ಮಾಡಬೇಕು ಅಂತ ಕೇಳುವ ಗ್ರಬ್ ಮೆನು ಬಂತು. ಆರಿಸಿದೆ. ಫೈಲ್ ಸಿಗಲಿಲ್ಲ, ಮೊದಲು ಕರ್ನಲ್ ಲೋಡ್ ಮಾಡು ಅಂತ ಕಪ್ಪು ಪರದೆಯಲ್ಲಿ ಎರಡು ಸಾಲು. ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಉಳಿದವನ್ನೂ ನೋಡಿದೆ, ಎಲ್ಲದಕ್ಕೂ ಅದೇ ಉತ್ತರ. ಕಾಕಾ ಹಿಂದೆ ಬಂದು ನಿಂತಿದ್ದರು.

"ಏನಾತು ತಮ್ಮಾ? ಪತ್ರಿಕಿ ಹೋದ್ವೇನು?"

"ಪತ್ರಿಕಿ ಎಲ್ಲೂ ಹೋಗಿಲ್ಲ ಕಾಕಾ, ಅವು ಬ್ಯಾರೆ ಕಡೆ ಅದಾವು" ಅಂದೆ. ಗೊತ್ತಿತ್ತು, ಆದರೂ ಗಂಟಲು ಒಣಗಿತ್ತು.

ಡಿಸ್ಕ್ ಬಿಟ್ಟು ನೇರವಾಗಿ ಲಿನಕ್ಸ್ ಶುರು ಮಾಡಬಲ್ಲ ನನ್ನ ಲೈವ್ ಪೆನ್‌ಡ್ರೈವ್ ಹುಬ್ಬಳ್ಳಿ ಮನೆಯಲ್ಲೇ ಉಳಿದಿತ್ತು. ಕಾಕಾನ ಮಗನ ಲ್ಯಾಪ್‌ಟಾಪ್‌ನಲ್ಲಿ, ಮೊಬೈಲ್ ನೆಟ್ ಹಾಕಿಕೊಂಡು ಉಬುಂಟು ಇಳಿಸಿ ಹೊಸದೊಂದು ಮಾಡುವಷ್ಟರಲ್ಲಿ ಮಧ್ಯಾಹ್ನವೇ ದಾಟಿತು. ಅದರಿಂದ ಬೂಟ್ ಮಾಡಿ ಮೊದಲು ಡಿಸ್ಕ್ ತೆರೆದು, ಹೋಮ್‌ನೊಳಗಿನ ಪತ್ರಿಕೆಗಳ ಫೋಲ್ಡರ್ ಕಾಕಾಗೆ ತೋರಿಸಿದೆ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನ ಫೈಲುಗಳೆಲ್ಲ ಸಾಲಾಗಿ ಇದ್ದವು. ಕಾಕಾ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೆಸರು ಓದಿದರು. ಎಲ್ಲ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಆದಮೇಲೇ ಅವರು ಕುರ್ಚಿ ಎಳೆದು ಕೂತಿದ್ದು.

ಆಮೇಲೆ ರಿಪೇರಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಯಾವ ಪಾರ್ಟಿಷನ್ ಯಾವುದು ಅಂತ ಗುರುತಿಸಿದೆ. ಮೊದಲು ಪ್ರೆಸ್ಸಿನ ಉಬುಂಟು ಇರುವ ರೂಟ್ ಪಾರ್ಟಿಷನ್ ಮೌಂಟ್ ಮಾಡಬೇಕು, ಅಂದರೆ ತೆರೆದು ಜೋಡಿಸಬೇಕು, ಅದರೊಳಗಿನ ಬೂಟ್ ಫೋಲ್ಡರ್ ಮೇಲೆ ಬೂಟ್ ಪಾರ್ಟಿಷನ್. ಈ ಎರಡನೆಯದನ್ನು ಮರೆತರೆ ಹೊಸ ಕರ್ನಲ್ ರೂಟ್ ಪಾರ್ಟಿಷನ್‌ನಲ್ಲೇ ಹೋಗಿ ಕೂರುತ್ತದೆ, ಗ್ರಬ್ ಹುಡುಕುವುದು ಬೂಟ್ ಪಾರ್ಟಿಷನ್‌ನಲ್ಲಿ, ಆಮೇಲೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ ಎರರ್. ಬಳಿಕ ಓಡುತ್ತಿರುವ ಲಿನಕ್ಸಿನ ಡೆವ್, ಪ್ರಾಕ್, ಸಿಸ್ ಫೋಲ್ಡರ್ ಮೂರನ್ನೂ ಅದರೊಳಗೂ ಕಾಣುವಂತೆ ಬೈಂಡ್ ಮಾಡಿ ಸಿಎಚ್‌ರೂಟ್ ಕೊಟ್ಟೆ. ಈಗ ಪೆನ್‌ಡ್ರೈವ್‌ನ ಲಿನಕ್ಸ್ ಮೇಲೆ ನಿಂತೇ ಪ್ರೆಸ್ಸಿನ ಲಿನಕ್ಸ್ ಒಳಗೆ ಕೆಲಸ ಮಾಡಬಹುದು. ಎಷ್ಟು ಸಲ ಮಾಡಿದರೂ ಈ ಕಮಾಂಡ್ ಕಂಡರೆ ನನಗೆ ಪ್ರೀತಿ.

ಆದರೆ ನೆಟ್ ಬರಲಿಲ್ಲ. ಹೊರಗೆ ಬ್ರೌಸರ್ ನಡೆಯುತ್ತಿದೆ, ಒಳಗೆ ಸರ್ವರ್ ಹೆಸರೇ ಸಿಗುತ್ತಿಲ್ಲ. ಒಂದು ಪ್ಲೇಟ್ ಗಿರ್ಮಿಟ್ ಆರಿಹೋಗುವಷ್ಟು ಹೊತ್ತು ತಲೆ ಕೆಡಿಸಿಕೊಂಡೆ. ಕಡೆಗೆ ಹೊಳೆಯಿತು, ರನ್ ಫೋಲ್ಡರ್ ಬೈಂಡ್ ಮಾಡಿಲ್ಲ. ಉಬುಂಟುವಿನಲ್ಲಿ ಸರ್ವರ್ ಹೆಸರನ್ನು ಎಲ್ಲಿ ಕೇಳಬೇಕು ಅಂತ ಹೇಳುವ ರಿಸಾಲ್ವ್ ಡಾಟ್ ಕಾನ್ಫ್ ಅನ್ನುವುದು ಬರೀ ಲಿಂಕ್, ನಿಜವಾದ ಫೈಲ್ ಇರುವುದು ರನ್ ಒಳಗೆ. ಅದನ್ನು ಸೇರಿಸಿದ ಕೂಡಲೇ ನೆಟ್ ಬಂತು.

ಇನ್ನೊಂದು ಮಾತು. ಯಾವ ಕರ್ನಲ್ ಬೇಕು ಅಂತ ತಿಳಿಯಲು ಯುನೇಮ್ ಕಮಾಂಡನ್ನು ಕೇಳಬೇಡಿ, ಸಿಎಚ್‌ರೂಟ್ ಒಳಗೆ ಅದು ಪೆನ್‌ಡ್ರೈವ್‌ನ ಕರ್ನಲ್ ನಂಬರ್ ಹೇಳುತ್ತದೆ. ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರ್ ನೋಡಿ. ನಾನು ಬೂಟ್ ಅಳಿಸಿದ್ದರೂ ಅಲ್ಲಿ ಕರ್ನಲ್ ನಂಬರುಗಳೆಲ್ಲ ಹಾಗೇ ಇದ್ದವು. ಆ ನಂಬರ್ ಕೊಟ್ಟು ರೀಇನ್‌ಸ್ಟಾಲ್ ಮಾಡಿದೆ, ಅರ್ಧಕ್ಕೆ ನಿಂತಿದ್ದ ಪ್ಯಾಕೇಜುಗಳನ್ನು ಡಿಪಿಕೆಜಿ ಕಾನ್ಫಿಗರ್ ಕಮಾಂಡ್‌ನಿಂದ ಮುಗಿಸಿದೆ, ಹಳೆಯ ಕರ್ನಲ್‌ಗಳನ್ನು ಈ ಸಲ ಪ್ಯಾಕೇಜ್ ನೋಡಿಕೊಳ್ಳುವ ಆಪ್ಟ್ ಮೂಲಕವೇ ತೆಗೆದೆ. ಕೊನೆಗೆ ಗ್ರಬ್ ಮೆನುವನ್ನು ಹೊಸದಾಗಿ ಬರೆಯುವ ಅಪ್‌ಡೇಟ್ ಗ್ರಬ್ ಕಮಾಂಡ್. "ಫೌಂಡ್ ಲಿನಕ್ಸ್ ಇಮೇಜ್" ಅಂತ ಒಂದು ಸಾಲು ಬಂತು, ಅದರ ಕೆಳಗೆ ಇನಿಟ್‌ಆರ್‌ಡಿ ಸಿಕ್ಕ ಸಾಲು. ಎರಡನ್ನೂ ಅಕ್ಷರ ಅಕ್ಷರ ಓದಿದೆ.

ಪೆನ್‌ಡ್ರೈವ್ ತೆಗೆದು ಆನ್ ಮಾಡಿದಾಗ ಐದೂವರೆ. ಲಾಗಿನ್ ಪರದೆ ಬಂತು. ಮಾತಾಡದೆ ಇಂಕ್‌ಸ್ಕೇಪ್ ತೆಗೆದು ಪ್ರಿಂಟ್ ಕೊಟ್ಟೆ.

ಕಾಕಾ ಬಿಸಿ ಹಾಳೆ ತಗೊಂಡು ಕಿಟಕಿ ಹತ್ತಿರ ಹೋದರು, ಬೆರಳಿಟ್ಟು ಓದುತ್ತಾ ಬಂದರು. "ತಮ್ಮಾ, ಹುಡುಗಿ ಅಜ್ಜನ ಹೆಸರಿನಾಗ ಒಂದು ಒತ್ತು ಬಿಟ್ಟೈತಿ ನೋಡು" ಅಂದರು. ಸರಿಮಾಡಿ ಸೇವ್ ಮಾಡಿದೆ.